ಜ್ವರದ ಸೀಮೆಯಲ್ಲಿ ಸಂಶೋಧನೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ಭಾಗದಲ್ಲಿ ಜೋಯಿಡಾ, ದಾಂಡೇಲಿ, ಹಳಿಯಾಳ ಮತ್ತು ಮುಂಡಗೋಡ ತಾಲ್ಲೂಕುಗಳಿವೆ. ಜೋಯಿಡಾ, ದಾಂಡೇಲಿಗಳ ಕಡೆ ಕಾಳೀ ನದಿಯೂ ಅದನ್ನು ಕೂಡುವ ಹಳ್ಳಗಳೂ ದಟ್ಟವಾದ ಕಾಡಿನ ನಡುವೆ ಹರಿಯುತ್ತವೆ. ಪೂರ್ವಕ್ಕೆ ಸರಿದಂತೆ ಕಾಡು ತೆಳುವಾಗಿ, ಭತ್ತದ ಗದ್ದೆಗಳೂ ಕೆರೆಗಳೂ ಕಾಣಿಸಿಕೊಂಡು, ಹಳಿಯಾಳ ಮುಂಡಗೋಡಗಳ ಆಚೆಗೆ ಧಾರವಾಡ, ಹಾವೇರಿ ಕಡೆಯ ಬಯಲು ತೆರೆದುಕೊಳ್ಳುತ್ತದೆ. ತೇಗ, ಮತ್ತಿ, ಬಿದಿರುಗಳಿಂದ ಸಮೃದ್ಧವಾದ ನೆಲವಿದು. ಮಳೆಗೆ ಕೊರತೆಯಿಲ್ಲ. ಆದರೂ ಒಂದು ಕಾಲದಲ್ಲಿ ಜನರು ಇಲ್ಲಿ ಬಂದು ನೆಲೆಸಲು ಅಂಜುತ್ತಿದ್ದರು. ಬೇಸಾಯ ಮಾಡುವ ಕೈಗಳಿಲ್ಲದೆ ಗದ್ದೆಗಳು ಬೀಳುಬಿದ್ದು, ತೋಟಗಳು ಹಾಳುಬಿದ್ದು, ಮನೆಯಿದ್ದ ಜಾಗದಲ್ಲಿ ಗಿಡಗಂಟಿಗಳು ಬೆಳೆದ ಊರುಗಳು ಎಷ್ಟೋ ಇದ್ದವು. ಈಗಿನ ಜೋಯಿಡಾ ತಾಲ್ಲೂಕಿಗೆ ಆಗ ಸೂಪಾ ಎಂದು ಹೆಸರು. ಸೂಪಾಕ್ಕೆ ವರ್ಗವಾಯಿತೆಂದರೆ ಸರ್ಕಾರಿ ನೌಕರನ ಮನೆಯಲ್ಲಿ ಕಳವಳ ಹುಟ್ಟುತ್ತಿತ್ತು.

ಇದಕ್ಕೆಲ್ಲ ಮುಖ್ಯ ಕಾರಣ ಚಳಿಜ್ವರ, ಎಂದರೆ ಮಲೇರಿಯಾ. 1901ರ ಜನಗಣತಿಯಲ್ಲಿ ಉತ್ತರ ಕನ್ನಡ ಜಿಲ್ಲೆಯ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷವಿತ್ತು. ಇಪ್ಪತ್ತು ವರ್ಷಗಳಾದ ಮೇಲೆ, 1921ರಲ್ಲಿ, ಅದು ಹೆಚ್ಚುವ ಬದಲು ನಾಲ್ಕು ಲಕ್ಷದ ಸಮೀಪಕ್ಕೆ ಇಳಿದಿತ್ತು. ಪ್ಲೇಗು ಹಾಗೂ 1918ರ ಇನ್‌ಫ್ಲುಯೆಂಜ ಇವೆರಡೂ ಈ ಇಳಿತಕ್ಕೆ ತಮ್ಮ ಪಾಲನ್ನು ಸೇರಿಸಿದವು ಎಂಬುದು ನಿಜ. ಆದರೆ ಆ ಪಿಡುಗುಗಳು ಬಂದು ಹೋದವು. ಚಳಿಜ್ವರವಾದರೋ ವರ್ಷ ವರ್ಷವೂ ಸುಗ್ಗಿಯ ಹೊತ್ತಿಗೆ ತಪ್ಪದೆ ಬರುತ್ತಿತ್ತು. ಅದು ಒಮ್ಮೆಗೇ ಕೊಲ್ಲುವುದಕ್ಕಿಂತ ಹೆಚ್ಚಾಗಿ ಮನುಷ್ಯನನ್ನು ಒಳಗಿನಿಂದ ಸವೆಸುತ್ತಿತ್ತು. ರಕ್ತಹೀನರಾದ ತಾಯಂದಿರು ಹೆರಿಗೆಯಲ್ಲಿ ಸಾಯುತ್ತಿದ್ದರು; ಹುಟ್ಟಿದ ಶಿಶುಗಳು ಉಳಿಯುತ್ತಿರಲಿಲ್ಲ; ದುಡಿಯಬೇಕಾದವನು ಕೊಯ್ಲಿನ ಕಾಲದಲ್ಲಿ ಕಂಬಳಿ ಹೊದ್ದು ನಡುಗುತ್ತ ಮಲಗುತ್ತಿದ್ದನು.

ಜನರು ಇದನ್ನು ನೀರಿನ ದೋಷವೆಂದು ಬಗೆದಿದ್ದರು. “ಆ ಸೀಮೆಯ ನೀರು ಒಗ್ಗದು” ಎಂಬ ಮಾತು ಇಂದಿಗೂ ಹಿರಿಯರ ಬಾಯಲ್ಲಿ ಕೇಳಿಬರುತ್ತದೆ. ಯುರೋಪಿನವರ ತಿಳಿವಳಿಕೆಯೂ ಬಹುಕಾಲ ಇದಕ್ಕಿಂತ ಮುಂದೆ ಹೋಗಿರಲಿಲ್ಲ. ಮಲೇರಿಯಾ ಎಂಬ ಇಟಲಿಯ ಪದಕ್ಕೆ ‘ಕೆಟ್ಟ ಗಾಳಿ’ ಎಂದೇ ಅರ್ಥ. 1897ರಲ್ಲಿ ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಜಠರದ ಗೋಡೆಯಲ್ಲಿ ಮಲೇರಿಯಾದ ಪರೋಪಜೀವಿಯನ್ನು ಕಂಡಮೇಲೆ ಗಾಳಿಯ ಮೇಲಿನ ಅಪವಾದ ತೊಲಗಿತು. ನೀರಿನ ಮೇಲಿನ ಅಪವಾದ ಮಾತ್ರ ಪೂರ್ತಿಯಾಗಿ ಸುಳ್ಳಾಗಲಿಲ್ಲ. ಸೊಳ್ಳೆಗಳು ಹುಟ್ಟುವುದು ನೀರಿನಲ್ಲಿಯೇ ಅಲ್ಲವೇ?

ಸೊಳ್ಳೆಯೇ ವೈರಿಯೆಂದು ತಿಳಿದರೆ ಸಾಲದು. ಭಾರತದಲ್ಲಿ ಅನಾಫಿಲಿಸ್ ಜಾತಿಯ ಸೊಳ್ಳೆಗಳೇ ಐವತ್ತಕ್ಕೂ ಹೆಚ್ಚು ಬಗೆಯವು ಇವೆ. ಅವುಗಳಲ್ಲಿ ರೋಗ ಹರಡತಕ್ಕವು ಕೆಲವು ಮಾತ್ರ. ಒಂದು ಬಗೆ ಕೆರೆಯಲ್ಲಿ ಮೊಟ್ಟೆಯಿಟ್ಟರೆ, ಇನ್ನೊಂದು ಬಾವಿಯಲ್ಲಿ, ಮತ್ತೊಂದು ಹರಿಯುವ ತೊರೆಯ ಅಂಚಿನಲ್ಲಿ ಇಡುತ್ತದೆ. ಒಂದು ದನದ ರಕ್ತವನ್ನು ಬಯಸಿದರೆ ಇನ್ನೊಂದು ಮನುಷ್ಯನದನ್ನೇ ಬಯಸುತ್ತದೆ. ಈ ಊರಿನ ಜ್ವರಕ್ಕೆ ಯಾವ ಸೊಳ್ಳೆ ಕಾರಣ, ಅದು ಎಲ್ಲಿ ಹುಟ್ಟುತ್ತದೆ, ಯಾವ ತಿಂಗಳಲ್ಲಿ ಹೆಚ್ಚುತ್ತದೆ, ಹಗಲಿನಲ್ಲಿ ಎಲ್ಲಿ ಅಡಗುತ್ತದೆ ಎಂಬುದನ್ನು ಅರಿಯದೆ ಹೋರಾಟ ಹೂಡುವುದು ಕತ್ತಲೆಯಲ್ಲಿ ಕಲ್ಲು ಬೀಸಿದಂತೆ.

ಆಗ ಕನ್ನಡ ಜಿಲ್ಲೆಯೂ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದವು. ಪ್ರಾಂತ್ಯದ ಮಲೇರಿಯಾ ಸಂಘಟನೆಗೆ ಡಾಕ್ಟರ್ ಡಿ. ಕೆ. ವಿಶ್ವನಾಥನ್ ಅವರು ಮುಖ್ಯಸ್ಥರಾಗಿದ್ದರು, ಕೀಟಶಾಸ್ತ್ರಜ್ಞರಾದ ಟಿ. ರಾಮಚಂದ್ರರಾವ್ ಅವರು ಅವರ ಜೊತೆಗಾರರು. 1940ರ ದಶಕದಲ್ಲಿ ಈ ಇಬ್ಬರು ಮತ್ತು ಅವರ ಸಹಾಯಕರು ಕೈಗೊಂಡ ಕೆಲಸದ ಸ್ವರೂಪವನ್ನು ತುಸು ವಿವರವಾಗಿ ತಿಳಿಯಬೇಕು. ಏಕೆಂದರೆ ಸಂಶೋಧನೆಯೆಂದರೆ ಗಾಜಿನ ಕೊಳವೆಗಳ ನಡುವೆ ಕುಳಿತವರ ಕೆಲಸವೆಂದೇ ಹಲವರು ಭಾವಿಸಿರುತ್ತಾರೆ.

ಮಲೇರಿಯಾ ಸಂಶೋಧಕನು ಮೊದಲು ಮಾಡುವ ಕೆಲಸ ಮಕ್ಕಳ ಹೊಟ್ಟೆಯನ್ನು ಮುಟ್ಟಿ ನೋಡುವುದು. ಮತ್ತೆ ಮತ್ತೆ ಜ್ವರಕ್ಕೆ ತುತ್ತಾದ ಮಗುವಿನ ಎಡಪಕ್ಕೆಯ ಕೆಳಗೆ ಗುಲ್ಮವು ಊದಿಕೊಂಡು ಕೈಗೆ ಗಟ್ಟಿಯಾಗಿ ಸಿಗುತ್ತದೆ. ಹಳ್ಳಿಯವರು ಇದನ್ನೇ ಜ್ವರಗಡ್ಡೆ ಎನ್ನುತ್ತಿದ್ದರು. ಎರಡರಿಂದ ಹತ್ತು ವರ್ಷದೊಳಗಿನ ನೂರು ಮಕ್ಕಳಲ್ಲಿ ಎಷ್ಟು ಮಕ್ಕಳಿಗೆ ಗುಲ್ಮ ಊದಿದೆಯೆಂದು ಎಣಿಸಿದರೆ, ಆ ಊರಿನಲ್ಲಿ ಮಲೇರಿಯಾ ಎಷ್ಟು ಬೇರುಬಿಟ್ಟಿದೆ ಎಂಬುದು ತಿಳಿಯುತ್ತದೆ. ಹತ್ತಕ್ಕಿಂತ ಕಡಿಮೆಯಿದ್ದರೆ ಸೌಮ್ಯ. ಐವತ್ತನ್ನು ದಾಟಿದರೆ ತೀವ್ರ. ಎರಡನೆಯದು ಸೊಳ್ಳೆಗಳ ಎಣಿಕೆ. ನಸುಕಿನಲ್ಲಿ ಮನೆಗಳನ್ನೂ ದನದ ಕೊಟ್ಟಿಗೆಗಳನ್ನೂ ಹೊಕ್ಕು, ಕೈದೀಪದ ಬೆಳಕಿನಲ್ಲಿ ಗೋಡೆ ಜಂತಿಗಳ ಮೇಲೆ ಕುಳಿತ ಸೊಳ್ಳೆಗಳನ್ನು ಒಂದೊಂದಾಗಿ ಕೊಳವೆಯಲ್ಲಿ ಹಿಡಿಯಬೇಕು. ಹಿಡಿದುದನ್ನು ಗುರುತಿಸಿ, ಸೂಜಿಯ ಮೊನೆಯಿಂದ ಸೀಳಿ, ಅದರ ಲಾಲಾರಸದ ಗ್ರಂಥಿಯಲ್ಲಿ ರೋಗಾಣುಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಸಾವಿರಾರು ಸೊಳ್ಳೆಗಳನ್ನು ಸೀಳಿದಾಗ ಕೆಲವೇ ಕೆಲವಲ್ಲಿ ರೋಗಾಣು ಕಂಡೀತು. ಬೇಸರಪಡದೆ ಮಾಡಿದ ಈ ಎಣಿಕೆಯೇ ಮುಂದಿನದಕ್ಕೆಲ್ಲ ತಳಹದಿ.

ಮಲೆನಾಡಿನ ಈ ಸೀಮೆಯಲ್ಲಿ ರೋಗವನ್ನು ಹರಡುತ್ತಿದ್ದ ಮುಖ್ಯ ಸೊಳ್ಳೆ ಅನಾಫಿಲಿಸ್ ಫ್ಲೂವಿಯಾಟಿಲಿಸ್. ಹೆಸರೇ ಹೇಳುವಂತೆ ಅದು ಹೊಳೆಯ ಸೊಳ್ಳೆ. ನಿಧಾನವಾಗಿ ಹರಿಯುವ ತಿಳಿನೀರಿನ ತೊರೆ, ಗದ್ದೆಗೆ ತಿರುಗಿಸಿದ ಕಾಲುವೆ, ಗುಡ್ಡದ ಬುಡದಲ್ಲಿ ಜಿನುಗುವ ಒರತೆ ಇವುಗಳ ಹುಲ್ಲುಬೆಳೆದ ಅಂಚಿನಲ್ಲಿ ಅದು ಮೊಟ್ಟೆಯಿಡುತ್ತದೆ. ಮುಂಗಾರಿನ ರಭಸದಲ್ಲಿ ಅದರ ಮರಿಗಳು ಕೊಚ್ಚಿಹೋಗುತ್ತವೆ. ಮಳೆ ನಿಂತು ಹಳ್ಳಗಳು ತಿಳಿಯಾದಾಗ ಹೆಚ್ಚುತ್ತವೆ. ಜ್ವರವು ಸುಗ್ಗಿಯೊಡನೆ ಬರುತ್ತಿದ್ದುದರ ಗುಟ್ಟು ಇದು. ಪಟ್ಟಣದ ಚರಂಡಿಗೆ ಎಣ್ಣೆ ಸುರಿದು ಸೊಳ್ಳೆಯ ಮರಿಗಳನ್ನು ಕೊಲ್ಲಬಹುದು. ಲೆಕ್ಕವಿಲ್ಲದಷ್ಟು ತೊರೆಗಳಿರುವ ಕಾಡಿನಲ್ಲಿ ಅದು ಆಗದ ಮಾತು. ಅಂಚೆಕಚೇರಿಯಲ್ಲಿ ಮಾರುತ್ತಿದ್ದ ಕ್ವಿನೈನ್ ಪೊಟ್ಟಣ ಜ್ವರವನ್ನು ತಗ್ಗಿಸುತ್ತಿತ್ತೇ ಹೊರತು ಮರುದಿನದ ಸೊಳ್ಳೆಯನ್ನು ತಡೆಯುತ್ತಿರಲಿಲ್ಲ. 1942ರಲ್ಲಿ ಜಾವಾ ದ್ವೀಪ ಜಪಾನಿನ ವಶವಾದ ಮೇಲೆ ಕ್ವಿನೈನಿಗೂ ಬರ ಬಂತು.

ಅಷ್ಟರಲ್ಲಿ ಡಿ.ಡಿ.ಟಿ. ಬಂದಿತು. ಅದರ ಕೀಟನಾಶಕ ಗುಣವನ್ನು ಸ್ವಿಟ್ಸರ್ಲೆಂಡಿನ ಪಾಲ್ ಮುಲ್ಲರ್ 1939ರಲ್ಲಿ ಕಂಡುಹಿಡಿದಿದ್ದರು. ಯುದ್ಧದ ಕೊನೆಯ ಹೊತ್ತಿಗೆ ಅದು ನಾಗರಿಕರ ಕೆಲಸಕ್ಕೂ ದೊರೆಯತೊಡಗಿತು. ವಿಶ್ವನಾಥನ್ ಮತ್ತು ರಾಮಚಂದ್ರರಾವ್ ಅವರು ಇದನ್ನು ತೊರೆಗಳಿಗೆ ಸುರಿಯಲಿಲ್ಲ. ಕನ್ನಡ ಮತ್ತು ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆಯ ಒಳಗೋಡೆಗಳಿಗೆ ಸಿಂಪಡಿಸಿದರು. ಇದರ ಹಿಂದಿನ ತರ್ಕ ಸರಳವಾದರೂ ಸೊಗಸಾದುದು. ರಕ್ತ ಹೀರಿದ ಸೊಳ್ಳೆ ಭಾರವಾದ ಹೊಟ್ಟೆಯಿಂದ ದೂರ ಹಾರಲಾರದೆ ಹತ್ತಿರದ ಗೋಡೆಯ ಮೇಲೆ ಕುಳಿತುಕೊಳ್ಳುತ್ತದೆ. ಅದರ ಹೊಟ್ಟೆ ಸೇರಿದ ರೋಗಾಣು ಬೆಳೆದು ಮತ್ತೊಬ್ಬರಿಗೆ ಅಂಟಲು ಸಮರ್ಥವಾಗಬೇಕಾದರೆ ಸುಮಾರು ಹತ್ತು ಹನ್ನೆರಡು ದಿನಗಳು ಬೇಕು. ಅಷ್ಟರೊಳಗೆ ಯಾವುದಾದರೊಂದು ರಾತ್ರಿ ಅದು ಮದ್ದು ಬಳಿದ ಗೋಡೆಯ ಮೇಲೆ ಕುಳಿತರೆ ಸಾಕು, ರೋಗದ ಸರಪಳಿ ಕಡಿಯಿತು. ಊರಿನ ಸೊಳ್ಳೆಗಳನ್ನೆಲ್ಲ ಕೊಲ್ಲಬೇಕಾಗಿಲ್ಲ; ಅವುಗಳ ಆಯುಷ್ಯವನ್ನು ಮೊಟಕುಗೊಳಿಸಿದರೆ ಸಾಕು.

ಮೊದಲ ವರ್ಷದ ಫಲಿತಾಂಶ 1947ರಲ್ಲಿ ಭಾರತೀಯ ಮಲೇರಿಯಾ ವಿಜ್ಞಾನ ಪತ್ರಿಕೆಯ ಮೊದಲ ಸಂಪುಟದಲ್ಲಿಯೂ ಎರಡನೆಯ ವರ್ಷದ್ದು 1948ರಲ್ಲಿಯೂ ಪ್ರಕಟವಾದವು. 1949ರಲ್ಲಿ ವಿಶ್ವನಾಥನ್ ಅವರು ಮತ್ತೊಂದು ಲೇಖನವನ್ನು ಪ್ರಕಟಿಸಿದರು. ಮೂರರಲ್ಲಿ ಹೆಚ್ಚು ಗಮನಾರ್ಹವಾದುದು ಇದೇ ಎನ್ನಬೇಕು. ಇಲ್ಲಿ ಸೊಳ್ಳೆಯೂ ಗುಲ್ಮವೂ ಹಿಂದೆ ಸರಿದು ಜನನ ಮರಣಗಳ ಲೆಕ್ಕ ಮುಂದೆ ಬಂದಿದೆ. ಕನ್ನಡ, ಧಾರವಾಡ ಜಿಲ್ಲೆಗಳ ಜನಸಂಖ್ಯೆಯ ಏರಿಳಿತವನ್ನು ಪ್ರಾಂತ್ಯದ ಉಳಿದ ಜಿಲ್ಲೆಗಳೊಡನೆ ಹೋಲಿಸಿ, ಮಲೇರಿಯಾದಿಂದ ಆಗಿದ್ದ ಹಾನಿಯೆಷ್ಟು, ನಿಯಂತ್ರಣದಿಂದ ಆದ ಲಾಭವೆಷ್ಟು ಎಂದು ಅವರು ತೂಗಿ ನೋಡಿದರು. ಹೋಲಿಕೆಯಿಲ್ಲದೆ ಲಾಭವನ್ನು ಸಾರುವುದು ಸುಲಭ. ಮಳೆ ಕಡಿಮೆಯಾದ ವರ್ಷ ಜ್ವರ ತಾನಾಗಿಯೇ ತಗ್ಗಿದರೂ ಅದು ಮದ್ದಿನ ಮಹಿಮೆಯೆನಿಸಿಬಿಡುತ್ತದೆ. ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಟ್ಟು ನೋಡುವ ಈ ಶಿಸ್ತೇ ಅನುಭವವನ್ನು ವಿಜ್ಞಾನವನ್ನಾಗಿ ಮಾಡುತ್ತದೆ.

ಈ ಲೇಖನಗಳ ಪ್ರಭಾವ ಜಿಲ್ಲೆಯ ಗಡಿಯಲ್ಲಿ ನಿಲ್ಲಲಿಲ್ಲ. ಗೋಡೆಗೆ ಮದ್ದು ಸಿಂಪಡಿಸುವ ಇದೇ ಬಗೆಯ ವಿಧಾನವನ್ನು ಆಧಾರವಾಗಿಟ್ಟುಕೊಂಡು 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನರಿಗೆ ಮಲೇರಿಯಾ ತಗಲುತ್ತಿತ್ತೆಂದೂ ಎಂಟು ಲಕ್ಷ ಜನ ಸಾಯುತ್ತಿದ್ದರೆಂದೂ ಅಂದಾಜು. 1965ರ ಹೊತ್ತಿಗೆ ರೋಗಿಗಳ ಸಂಖ್ಯೆ ಸುಮಾರು ಒಂದು ಲಕ್ಷಕ್ಕೆ ಇಳಿಯಿತು. ಆದರೆ ಗೆಲುವು ಸ್ಥಿರವಾಗಿರಲಿಲ್ಲ. ಸೊಳ್ಳೆಗಳು ಡಿ.ಡಿ.ಟಿ.ಯನ್ನು ತಾಳಿಕೊಳ್ಳುವ ಶಕ್ತಿ ಪಡೆದವು, ಎಚ್ಚರವೂ ಸಡಿಲವಾಯಿತು. 1976ರಲ್ಲಿ ರೋಗಿಗಳ ಸಂಖ್ಯೆ ಮತ್ತೆ ಅರುವತ್ತನಾಲ್ಕು ಲಕ್ಷಕ್ಕೆ ಏರಿತು. ಘಟ್ಟದ ಮೇಲಿನ ಈ ತಾಲ್ಲೂಕುಗಳ ಪಾಡು ಮಾತ್ರ ಹಿಂದಿನ ಸ್ಥಿತಿಗೆ ಮರಳಲಿಲ್ಲ. 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯಿಂದ ದಾಂಡೇಲಿ ಪಟ್ಟಣವಾಗಿ ಬೆಳೆಯಿತು. 1966ರಲ್ಲಿ ಮುಂಡಗೋಡದ ಬಳಿ ಟಿಬೆಟಿನ ನಿರಾಶ್ರಿತರು ಬಂದು ನೆಲೆಸಿದರು. ಹಳೆಯ ಜ್ವರ ಹಾಗೆಯೇ ಉಳಿದಿದ್ದರೆ ಹಿಮದ ನಾಡಿನಿಂದ ಬಂದವರ ಗತಿ ಏನಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು. ಜ್ವರಕ್ಕೆ ಹೆಸರಾಗಿದ್ದ ಸೂಪಾ ಪೇಟೆಯಾದರೋ ಕಾಳೀ ನದಿಗೆ ಗಣೇಶಗುಡಿಯಲ್ಲಿ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ.

ರಾಮಚಂದ್ರರಾವ್ ಅವರ ಮುಂದಿನ ಬದುಕೂ ಈ ಕಾಡುಗಳಿಂದ ದೂರ ಹೋಗಲಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೂ ವಿಚಿತ್ರವಾದ ಜ್ವರ ಬಂದಾಗ, ಅದರ ವೈರಾಣುವನ್ನು ಗುರುತಿಸಿದ್ದು ಪುಣೆಯ ವೈರಸ್ ಸಂಶೋಧನ ಕೇಂದ್ರ. ಆ ಕೇಂದ್ರಕ್ಕೆ ಅವರು ಮುಂದೆ ನಿರ್ದೇಶಕರಾದರು. ಅವರು ಭಾರತದ ಅನಾಫಿಲಿಸ್ ಸೊಳ್ಳೆಗಳನ್ನು ಕುರಿತು ಬರೆದ ದೊಡ್ಡ ಗ್ರಂಥದ ಪರಿಷ್ಕೃತ ಮುದ್ರಣ 1984ರಲ್ಲಿ ಹೊರಬಂತು. ಕೀಟಶಾಸ್ತ್ರಜ್ಞರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ.

ಒಬ್ಬ ವಿದ್ವಾಂಸನ ಬರಹವನ್ನು ಮತ್ತೊಬ್ಬನು ತೆರೆದು ನೋಡಿ, ತನ್ನ ಲೇಖನದಲ್ಲಿ ಅದನ್ನು ಹೆಸರಿಸುವುದಕ್ಕೆ ಉಲ್ಲೇಖವೆಂದು ಹೆಸರು. ಒಂದು ವೈದ್ಯಕೀಯ ಸಂಸ್ಥೆ ವರ್ಷಕ್ಕೆ ಎಷ್ಟು ಲೇಖನಗಳನ್ನು ಪ್ರಕಟಿಸಿತು, ಅವುಗಳನ್ನು ಎಷ್ಟು ಜನ ಉಲ್ಲೇಖಿಸಿದರು ಎಂಬ ಲೆಕ್ಕದಿಂದ ಅದರ ವಿದ್ವತ್ತಿನ ಪ್ರಭಾವವನ್ನು ಅಳೆಯುವ ರೂಢಿ ಈಗ ಲೋಕದಲ್ಲೆಲ್ಲ ಬೆಳೆದಿದೆ. ದೆಹಲಿಯ ಶಸ್ತ್ರವೈದ್ಯ ಸಮೀರನ್ ನಂದಿ ಮತ್ತು ಅವರ ಜೊತೆಗಾರರು ಭಾರತದ 579 ವೈದ್ಯಕೀಯ ಸಂಸ್ಥೆಗಳನ್ನು ಹೀಗೆ ಅಳೆದು 2016ರಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. 2005ರಿಂದ 2014ರವರೆಗಿನ ಹತ್ತು ವರ್ಷಗಳಲ್ಲಿ 332 ಸಂಸ್ಥೆಗಳಿಂದ ಒಂದೇ ಒಂದು ಲೇಖನವೂ ಹೊರಬಂದಿರಲಿಲ್ಲ. ವರ್ಷಕ್ಕೆ ನೂರಕ್ಕಿಂತ ಹೆಚ್ಚು ಲೇಖನಗಳನ್ನು ಕೊಟ್ಟವು 25 ಸಂಸ್ಥೆಗಳು ಮಾತ್ರ. ದೇಶದ ವೈದ್ಯಕೀಯ ಬರಹದಲ್ಲಿ ನೂರಕ್ಕೆ ನಲವತ್ತು ಪಾಲು ಅವುಗಳದೇ ಆಗಿತ್ತು.

ಈ ಅಂಕಿಗಳನ್ನು ಕಂಡು ವೈದ್ಯರನ್ನು ಸೋಮಾರಿಗಳೆಂದು ಹಳಿಯುವುದು ಆತುರದ ತೀರ್ಪಾದೀತು. ಹಳಿಯಾಳ, ಮುಂಡಗೋಡಗಳಿಂದ ದೊಡ್ಡ ಕಾಯಿಲೆಯವರು ಹೋಗುವುದು ಹುಬ್ಬಳ್ಳಿಗೆ. ಅಲ್ಲಿ 1957ರಲ್ಲಿ ಆರಂಭವಾದ ಸರ್ಕಾರಿ ವೈದ್ಯಕೀಯ ಕಾಲೇಜಿನ ಈಗಿನ ಹೆಸರಿನಲ್ಲಿ ‘ಸಂಶೋಧನೆ’ ಎಂಬ ಪದವೂ ಸೇರಿದೆ. ಆದರೆ ಬೆಳಗಿನಿಂದ ಸಾಲುಗಟ್ಟಿ ನಿಂತ ರೋಗಿಗಳನ್ನು ನೋಡುವ ವೈದ್ಯನಿಗೆ, ಯಾವ ಊರಾಗಲಿ, ಕಂಡದ್ದನ್ನು ಬರೆದಿಡುವ ಬಿಡುವು ಎಲ್ಲಿಂದ ಬರಬೇಕು? ಅವನು ಉಳಿಸಿದ ಜೀವಗಳು ಯಾವ ಪತ್ರಿಕೆಯಲ್ಲಿಯೂ ಅಚ್ಚಾಗುವುದಿಲ್ಲ. ಆದರೂ ಬರೆದಿಡದ ಅನುಭವ ಆ ವೈದ್ಯನೊಡನೆಯೇ ನಿವೃತ್ತಿ ಹೊಂದುತ್ತದೆ ಎಂಬುದನ್ನು ಅಲ್ಲಗಳೆಯಲಾಗದು. ಬರೆದಿಟ್ಟರೆ ಅದು ಎಲ್ಲಿಯವರೆಗೆ ಹೋದೀತು ಎಂಬುದಕ್ಕೆ ಜೋಯಿಡಾ, ಹಳಿಯಾಳಗಳಿಗೆ ನೆರೆಯಾದ ಬೆಳಗಾವಿ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ.

ಮಗು ಹುಟ್ಟಿ, ಮಾಸು ಬಿದ್ದ ಮೇಲೆ ಗರ್ಭಕೋಶವು ಮುಷ್ಟಿಯಂತೆ ಬಿಗಿದುಕೊಳ್ಳಬೇಕು. ಬಿಗಿಯದೆ ಸಡಿಲವಾಗಿ ಉಳಿದರೆ ರಕ್ತ ಧಾರೆಯಾಗಿ ಹರಿದು ಬಾಣಂತಿಯು ಕೆಲವೇ ಗಂಟೆಗಳಲ್ಲಿ ಸಾಯಬಹುದು. ಇದನ್ನು ತಡೆಯಲು ಆಕ್ಸಿಟೋಸಿನ್ ಎಂಬ ಚುಚ್ಚುಮದ್ದು ಉಂಟು. ಆದರೆ ಅದನ್ನು ತಂಪಿನಲ್ಲಿ ಇಡಬೇಕು, ಸೂಜಿಯಿಂದ ಕೊಡಬೇಕು. ವಿದ್ಯುತ್ತಿಲ್ಲದ ಹಳ್ಳಿಯ ಮನೆಯಲ್ಲಿ ನಡುರಾತ್ರಿ ಹೆರಿಗೆಯಾದರೆ ಅದು ಎಲ್ಲಿ ಸಿಕ್ಕೀತು? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಬಿ. ಎಸ್. ಕೊಡ್ಕಣಿ, ಶಿವಪ್ರಸಾದ ಗೌಡರ ಮುಂತಾದವರು ಅಮೆರಿಕದ ರಿಚರ್ಡ್ ಡರ್ಮನ್ ಮತ್ತಿತರರೊಡನೆ ಸೇರಿ, ಮಿಸೊಪ್ರಾಸ್ಟಾಲ್ ಎಂಬ ಮಾತ್ರೆಯನ್ನು ಇದಕ್ಕೆ ಪರೀಕ್ಷಿಸಲು ಮುಂದಾದರು. ಅದಕ್ಕೆ ತಂಪು ಬೇಡ, ಸೂಜಿ ಬೇಡ. ಬಾಯಿಗೆ ಹಾಕಿಕೊಂಡು ನೀರು ಕುಡಿದರೆ ಆಯಿತು.

2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಈ ಪರೀಕ್ಷೆ ನಡೆಯಿತು. ಒಪ್ಪಿಗೆಯಿತ್ತ 1620 ಗರ್ಭಿಣಿಯರಲ್ಲಿ 812 ಮಂದಿಗೆ ನಿಜವಾದ ಮಾತ್ರೆ, 808 ಮಂದಿಗೆ ಅದೇ ರೂಪದ ಔಷಧವಿಲ್ಲದ ಮಾತ್ರೆ ದೊರೆಯಿತು. ಯಾರಿಗೆ ಯಾವುದೆಂಬುದು ತಾಯಿಗೂ ತಿಳಿಯದು, ಕೊಡುವ ದಾದಿಗೂ ತಿಳಿಯದು. ಅರ್ಧದಷ್ಟು ತಾಯಂದಿರಿಗೆ ಔಷಧವಿಲ್ಲದ ಮಾತ್ರೆ ಕೊಡುವುದು ನ್ಯಾಯವೇ ಎಂದು ವಿದ್ಯಾರ್ಥಿಗಳು ಕೇಳಬಹುದು, ಕೇಳಲೇಬೇಕಾದ ಪ್ರಶ್ನೆಯದು. ಆ ಹಳ್ಳಿಗಳ ಹೆರಿಗೆಗಳಲ್ಲಿ ದಾದಿಯರು ಅದುವರೆಗೆ ಇಂಥ ಔಷಧವನ್ನು ಕೊಡುತ್ತಿರಲಿಲ್ಲ ಎಂಬುದನ್ನೂ, ಮಾತ್ರೆಯಿಂದ ಗುಣವಿದೆಯೋ ಕೇಡಿದೆಯೋ ಎಂಬುದು ಅಂಥ ಕಡೆ ಇನ್ನೂ ನಿರ್ಧಾರವಾಗಿರಲಿಲ್ಲ ಎಂಬುದನ್ನೂ ನೆನಪಿನಲ್ಲಿಟ್ಟು ಅದಕ್ಕೆ ಉತ್ತರ ಹುಡುಕಬೇಕು.

ಇನ್ನೊಂದು ತೊಡಕಿತ್ತು. ಹರಿದ ರಕ್ತ ಎಷ್ಟೆಂದು ಅಳೆಯುವುದು ಹೇಗೆ? ಬಟ್ಟೆಗೆ, ಹಾಸಿಗೆಗೆ, ನೆಲಕ್ಕೆ ಹೋದುದನ್ನು ಕಣ್ಣಳತೆಯಿಂದ ಹೇಳುವುದೇ ವಾಡಿಕೆ. ಸಂಶೋಧಕರು ಬಾಣಂತಿಯ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆಯೊಂದನ್ನು ರೂಪಿಸಿದರು. ಅದರ ತುದಿಯಲ್ಲಿ ಆಲಿಕೆಯಂಥ ಚೀಲ. ಚೀಲದ ಮೇಲೆ ಅಳತೆಯ ಗೆರೆಗಳು. ಸೋರಿದ ರಕ್ತವೆಲ್ಲ ಅದರಲ್ಲಿ ಸಂಗ್ರಹವಾಗಿ, ಗೆರೆ ನೋಡಿದ ಕೂಡಲೆ ಪ್ರಮಾಣ ತಿಳಿಯುತ್ತಿತ್ತು. ಕಣ್ಣಳತೆಯನ್ನೂ ಈ ಹಾಳೆಯನ್ನೂ ಹೋಲಿಸಿ ನೋಡಿದಾಗ, ಕಣ್ಣು ನಿಜವಾದ ಪ್ರಮಾಣಕ್ಕಿಂತ ಮೂರನೆಯ ಒಂದು ಪಾಲಿನಷ್ಟು ಕಡಿಮೆ ಹೇಳುತ್ತದೆಂದು ಗೊತ್ತಾಯಿತು. ಅಷ್ಟು ಕಾಲವೂ ಎಷ್ಟೋ ಅಪಾಯಗಳು ಅಪಾಯವೆಂದು ತೋರದೆ ಹೋಗಿದ್ದವೆಂದು ಇದರ ಅರ್ಥ.

ಫಲಿತಾಂಶವು 2006ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಪ್ರಕಟವಾಯಿತು. ಔಷಧವಿಲ್ಲದ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅರ್ಧ ಲೀಟರು ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋಗಿತ್ತು. ಮಿಸೊಪ್ರಾಸ್ಟಾಲ್ ಪಡೆದವರಲ್ಲಿ ಅದು 6.4ಕ್ಕೆ ಇಳಿದಿತ್ತು. ಹದಿನೆಂಟು ಮಂದಿ ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳನ್ನು ಈ ರಕ್ತಸ್ರಾವದಿಂದ ತಪ್ಪಿಸಿದಂತಾಗುತ್ತಿತ್ತು. ಕೆಲವರಿಗೆ ನಡುಕವೂ ಜ್ವರವೂ ಕಾಣಿಸಿಕೊಂಡುದನ್ನು ಲೇಖನ ಮರೆಮಾಡಲಿಲ್ಲ. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯುವುದಕ್ಕೆಂದು ಈ ಮಾತ್ರೆಯನ್ನು ತನ್ನ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು.

ಮಾತ್ರೆಗೆ ಸಂದ ಕೀರ್ತಿಯ ನೆರಳಿನಲ್ಲಿ ಅಳತೆಯ ಹಾಳೆ ಕೆಲಕಾಲ ಮರೆಯಾಗಿದ್ದಿತು. ಮುಂದೆ ಕೀನ್ಯಾ, ನೈಜೀರಿಯ, ದಕ್ಷಿಣ ಆಫ್ರಿಕ ಮತ್ತು ಟಾಂಜಾನಿಯಗಳ ಎಂಬತ್ತು ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳನ್ನು ಒಳಗೊಂಡ ದೊಡ್ಡ ಅಧ್ಯಯನವೊಂದು ನಡೆದು 2023ರಲ್ಲಿ ಪ್ರಕಟವಾಯಿತು. ಅಲ್ಲಿ ಸೂಲಗಿತ್ತಿಯರ ಕೈಗೆ ಮೊದಲು ಕೊಟ್ಟದ್ದು ಇಂಥದೇ ಗೆರೆಯುಳ್ಳ ಪ್ಲಾಸ್ಟಿಕ್ ಹಾಳೆಯನ್ನು. ರಕ್ತವು ಗೆರೆ ಮುಟ್ಟಿದ ಕೂಡಲೆ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ಆರಂಭಿಸುವ ಕ್ರಮವನ್ನು ಅನುಸರಿಸಿದ ಆಸ್ಪತ್ರೆಗಳಲ್ಲಿ, ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಶಸ್ತ್ರಕ್ರಿಯೆ ಹಾಗೂ ಮರಣಗಳು ಒಟ್ಟಾರೆ ನೂರಕ್ಕೆ ಅರುವತ್ತರಷ್ಟು ಕಡಿಮೆಯಾದವು. ಬೆಳಗಾವಿಯ ಹಳ್ಳಿಗಳಲ್ಲಿ ದಾದಿಯರು ಬಾಣಂತಿಯ ಕೆಳಗೆ ಹಾಸಿ, ಗೆರೆ ನೋಡಿ, ಪುಸ್ತಕದಲ್ಲಿ ಅಂಕಿ ಬರೆದುಕೊಂಡದ್ದು ಅದಕ್ಕೆ ಸುಮಾರು ಇಪ್ಪತ್ತು ವರ್ಷಗಳ ಹಿಂದೆ.